ಲದ್ದಿ ಹಾಕಿದ್ಲಾ?

1/9

ಫೋಟೊದಲ್ಲಿ ಇರೋಳು ಗೌರಿ. ನಮ್ಮನೆ ಟಾಂಗಾ ಕುದುರೆ. ವಯಸ್ಸು 19. ಹೋದ ವಾರ ಇವಳ ಜೊತೆ ಹಾಕಿದ ರೀಲ್‌ಗೆ ನೀವೆಲ್ಲ ಹಾರ್ಟ್ ಸುರಿಸಿದ್ರಿ, ತುಂಬಾ ಥ್ಯಾಂಕ್ಸ್. ಆದ್ರೆ ಇನ್‌ಬಾಕ್ಸ್ ತೆಗೆದು ನೋಡಿದ್ರೆ ಹನ್ನೊಂದು ಮೆಸೇಜ್ ಹೆಚ್ಚೂಕಮ್ಮಿ ಒಂದೇ ಥರ ಇದ್ವು: "ಅಕ್ಕ, ಒಂದು ಕುದುರೆ ಎಷ್ಟಾಗುತ್ತೆ? ನಾನೂ ತಗೋಬೇಕು."

ನಮ್ಮ ಕ್ಲಾಸಿನ ಒಬ್ಬನಂತೂ ಬೈಕ್ ಮಾರಿ ಕುದುರೆ ತಗೋತೀನಿ, ಪೆಟ್ರೋಲ್ ಖರ್ಚಾದ್ರೂ ಉಳಿಯುತ್ತೆ ಅಂದ. ಅವನು ತಮಾಷೆಗೆ ಅಂದಿದ್ದು, ನಾನೂ ನಕ್ಕೆ. ಮನೆಗೆ ಬಂದು ತಾತನಿಗೆ ಹೇಳಿದೆ. ತಾತ ನಗಲಿಲ್ಲ. "ಬೈಕಿಗೆ ಭಾನುವಾರ ಬೀಗ ಹಾಕಿ ಊರಿಗೆ ಹೋಗ್ಬಹುದು. ಇವಳಿಗೆ ಬೀಗ ಹಾಕೋಕಾಗುತ್ತಾ ಕೇಳು ಅವನ್ನ" ಅಂತು.

ತಾತ ಮೈಸೂರಲ್ಲಿ ನಲವತ್ತು ವರ್ಷ ಟಾಂಗಾ ಓಡಿಸಿದ್ದು. ಅರಮನೆ ಸುತ್ತ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಮತ್ತೆ ವಾಪಸ್. ನಾನು ಹುಟ್ಟೋ ಮೊದಲೇ ನಮ್ಮನೆ ಹಿಂದೆ ಲಾಯ ಇತ್ತು. ಹಾಗಾಗಿ ಕುದುರೆ ಸಾಕೋದು ಅಂದ್ರೆ ನನಗೆ ಫೋಟೊ ಅಲ್ಲ. ಬೆಳಗ್ಗೆ ಐದು ಗಂಟೆಗೆ ಏಳೋದು, ಕೈಗೆಲ್ಲ ವಾಸನೆ ಅಂಟಿಸ್ಕೊಂಡು ಕಾಲೇಜಿಗೆ ಬರೋದು.

ಈ ಒಂಬತ್ತು ಪೋಸ್ಟಲ್ಲಿ ನನಗೆ ಗೊತ್ತಿರೋದನ್ನೆಲ್ಲ ಬರೀತೀನಿ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ. ಅದನ್ನ ಇಷ್ಟು ದಿನ ಎಲ್ಲೂ ಹೇಳಿಲ್ಲ. ಪೂರ್ತಿ ಓದಿ, ಆಮೇಲೆ ಕುದುರೆ ರೇಟ್ ಕೇಳಿ.

2/9

ಇವತ್ತಿನ ಫೋಟೊ ನೋಡಿ ಮೂಗು ಮುಚ್ಕೋಬೇಡಿ. ಹೌದು, ಅದು ಲದ್ದಿನೇ.

ತಾತ ಬೆಳಗ್ಗೆ ಎದ್ದ ತಕ್ಷಣ ದೇವರ ಫೋಟೊಗೆ ಕೈ ಮುಗಿಯುತ್ತೆ. ಆಮೇಲೆ ಬಾಯಿಂದ ಬರೋ ಮೊದಲನೇ ಮಾತು, "ಲದ್ದಿ ಹಾಕಿದ್ಲಾ?" ಚಿಕ್ಕವಳಿದ್ದಾಗ ನನಗೆ ಇದು ದೊಡ್ಡ ಅವಮಾನ. ಸ್ನೇಹಿತೆಯರು ಮನೆಗೆ ಬಂದಾಗಲೂ ಎಲ್ಲರ ಮುಂದೆ ಇದೇ ಪ್ರಶ್ನೆ.

ಈಗ ಗೊತ್ತು ಯಾಕೆ ಅಂತ. ಕುದುರೆಗೆ ಹೊಟ್ಟೆ ನೋವು ಬಂದ್ರೆ ಬಾಯಿ ಬಿಟ್ಟು ಹೇಳಲ್ಲ. ಲದ್ದಿ ಹೇಳುತ್ತೆ. ಆರೋಗ್ಯವಾಗಿರೋ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತೆ. ಉಂಡೆ ಉಂಡೆಯಾಗಿ, ನೆಲಕ್ಕೆ ಬಿದ್ದಾಗ ಒಡೆಯೋ ಹಾಗಿರಬೇಕು. ಕಲ್ಲಿನ ಥರ ಗಟ್ಟಿ, ಚಿಕ್ಕ ಉಂಡೆ ಆದ್ರೆ ನೀರು ಸಾಲ್ತಿಲ್ಲ. ಸಗಣಿ ಥರ ಆದ್ರೆ ಮೇವಲ್ಲಿ ಏನೋ ಬದಲಾಗಿದೆ. ಇಡೀ ಕಾಳು ಹಾಗೇ ಹೊರಗೆ ಬಂದ್ರೆ ಹಲ್ಲು ತೋರಿಸಬೇಕು. ಕುದುರೆ ಹಲ್ಲು ಸವೀತಾ ಸವೀತಾ ಮೇಲೆ ಬರ್ತಾನೇ ಇರುತ್ತೆ, ಒಂದೊಂದು ಕಡೆ ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತೆ. ವರ್ಷಕ್ಕೊಂದು ಸಲ ಡಾಕ್ಟರ್ ಬಾಯಿ ತೆಗೆಸಿ ನೋಡಿ ಅರ ಹಾಕಿ ಉಜ್ಜಬೇಕು.

ಆಮೇಲೆ ಲಾಯ ಗುಡಿಸೋದು. ರಾತ್ರಿ ಗಂಜಲ ಕುಡಿದ ಹುಲ್ಲನ್ನ ಪೂರ್ತಿ ತೆಗೀಬೇಕು, ಮೇಲೆ ಒಣ ಹುಲ್ಲು ಹಾಕಿ ಮುಚ್ಚೋ ಹಾಗಿಲ್ಲ. ಆ ಘಾಟು ಇದ್ಯಲ್ಲ, ನಿಮ್ಮ ಕಣ್ಣಿಗೆ ಉರಿ ಹತ್ತುತ್ತೆ ಅಂದ್ರೆ ಇಡೀ ರಾತ್ರಿ ಅಲ್ಲೇ ನಿಂತವಳ ಶ್ವಾಸಕೋಶ ಏನಾಗಬೇಕು?

ಇದೆಲ್ಲ ಆಗೋಷ್ಟರಲ್ಲಿ ಆರೂವರೆ. ಇನ್ನೂ ಮೈ ಉಜ್ಜಿಲ್ಲ, ನೀರು ತುಂಬಿಲ್ಲ, ನಾನು ಕಾಫಿ ಕುಡಿದಿಲ್ಲ. ಇಂಟರ್ನಲ್ಸ್ ಇದ್ರೂ ಇಷ್ಟೇ, ಮಳೆ ಬಂದ್ರೂ ಇಷ್ಟೇ.

3/9

"ಕುದುರೆಗೆ ಹುರುಳಿ ಹಾಕಿದ್ರೆ ಆಯ್ತಲ್ವಾ?" ಇದು ಎಲ್ಲರೂ ಕೇಳೋ ಪ್ರಶ್ನೆ. ಇಲ್ಲ ಕಣ್ರೋ. ಕುದುರೆಯ ನಿಜವಾದ ಊಟ ಹುಲ್ಲು. ಹುರುಳಿ, ಬೂಸಾ ಎಲ್ಲ ದುಡಿಮೆ ಇದ್ದ ದಿನಕ್ಕೆ, ಮೇಲಿಂದ.

ಅದರ ಜಠರ ಆ ದೊಡ್ಡ ದೇಹಕ್ಕೆ ಹೋಲಿಸಿದ್ರೆ ತುಂಬಾ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಅಷ್ಟೇ. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಮೇಯ್ತಾನೇ ಇರುತ್ತೆ, ಸ್ವಲ್ಪ ಸ್ವಲ್ಪ. ನಾವು ಲಾಯದಲ್ಲಿ ಕಟ್ಟಿ ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಾಳು ಸುರಿದ್ರೆ ಅದರ ಹೊಟ್ಟೆಗೆ ಅರ್ಥ ಆಗಲ್ಲ. ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ: ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ನಾಯಿ, ಬೆಕ್ಕು, ನಾವು ತಪ್ಪು ತಿಂದ್ರೆ ಕಕ್ಕಿ ಬದುಕ್ತೀವಿ. ಕುದುರೆಗೆ ಒಳಗೆ ಹೋಗಿದ್ದು ವಾಪಸ್ ಬರೋ ದಾರಿ ಇಲ್ಲ.

ಲೆಕ್ಕ ಇಷ್ಟಪಡೋರಿಗೆ: ತಕ್ಕಡಿ ಇಲ್ದೆ ಕುದುರೆ ತೂಕ ತಿಳ್ಕೋಬಹುದು. ಮುಂಗಾಲ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಲ್ಲಿ ತಗೊಳ್ಳಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿವರೆಗೆ ಉದ್ದ ತಗೊಳ್ಳಿ. ಸುತ್ತಳತೆ × ಸುತ್ತಳತೆ × ಉದ್ದ ÷ 11,880. ಗೌರಿದು 155 × 155 × 158 ÷ 11,880, ಹತ್ತಿರ ಹತ್ತಿರ 320 ಕೆಜಿ. ಇದರ ಶೇಕಡ 2ರಷ್ಟು ಒಣ ಮೇವು ದಿನಕ್ಕೆ ಬೇಕು, ಅಂದ್ರೆ ಆರೂವರೆ ಕೆಜಿ. ಹಸಿ ಹುಲ್ಲಲ್ಲಿ ಮುಕ್ಕಾಲು ಪಾಲು ನೀರೇ ಇರೋದ್ರಿಂದ ಅದರ ತೂಕ ನೋಡಿ ಮೋಸ ಹೋಗ್ಬೇಡಿ. ನಾವು ನಾಲ್ಕು ಕೆಜಿ ಒಣ ಹುಲ್ಲು, ಹತ್ತು ಕೆಜಿ ಹಸಿ ಹುಲ್ಲು ಹಾಕ್ತೀವಿ. ನೀರು ಮೂವತ್ತು ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಒಂದು ಹಿಡಿ ಕಲ್ಲುಪ್ಪು.

ಮೇವು ಬದಲಾಯಿಸಬೇಕಾದ್ರೂ ಒಂದೇ ದಿನಕ್ಕೆ ಬದಲಾಯಿಸೋ ಹಾಗಿಲ್ಲ. ಹಳೇದರ ಜೊತೆ ಹೊಸದನ್ನ ಬೆರೆಸ್ತಾ ಒಂದು ವಾರ, ಹತ್ತು ದಿನ ತಗೋಬೇಕು.

4/9

ಈ ಫೋಟೊ ಗೊರಸಿನ ಅಡಿಭಾಗ. ಮಧ್ಯೆ ಬಾಣದ ತುದಿ ಥರ ಕಾಣ್ತಿರೋ ಮೆತ್ತನೆ ಭಾಗಕ್ಕೆ ಇಂಗ್ಲಿಷಲ್ಲಿ ಫ್ರಾಗ್ ಅಂತಾರೆ. ಕಪ್ಪೆಗೂ ಅದಕ್ಕೂ ಏನು ಸಂಬಂಧವೋ ನನಗಂತೂ ಕಾಣ್ಲಿಲ್ಲ.

ದಿನಕ್ಕೆ ಎರಡು ಸಲ ನಾಲ್ಕೂ ಗೊರಸು ಎತ್ತಿ ಕೆರೀಬೇಕು. ಗಾಡಿ ಕಟ್ಟೋ ಮೊದಲು ಒಂದ್ಸಲ, ಬಿಚ್ಚಿದ ಮೇಲೆ ಒಂದ್ಸಲ. ಕಲ್ಲು, ಗಾಜಿನ ಚೂರು, ದಸರಾ ಟೈಮಲ್ಲಿ ತಂತಿ, ಮೊಳೆ ಎಲ್ಲ ಸಿಗುತ್ತೆ. ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೀಬೇಕು, ಇಲ್ಲಾಂದ್ರೆ ಕೈ ಜಾರಿ ಮೆತ್ತನೆ ಭಾಗಕ್ಕೆ ಚುಚ್ಚುತ್ತೆ. ಕೆರೆದಾಗ ಕೊಳೆತ ವಾಸನೆ, ಕಪ್ಪು ಕೀವು ಥರ ಬಂದ್ರೆ ಅದು ಗೊರಸು ಕೊಳೆಯೋ ರೋಗ. ಲಾಯ ಒದ್ದೆ ಇಟ್ಟವರ ಮನೆಗೆ ಅದು ಬರುತ್ತೆ. ಅಂದ್ರೆ ರೋಗ ಕುದುರೆಗೆ, ತಪ್ಪು ನಮ್ಮದು.

ಗೊರಸು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತೆ. ಆರರಿಂದ ಎಂಟು ವಾರಕ್ಕೊಂದು ಸಲ ಲಾಳ ಕೀಳಿಸಿ, ಗೊರಸು ಕೆತ್ತಿಸಿ, ಮತ್ತೆ ಲಾಳ ಕಟ್ಟಿಸಬೇಕು. ಲಾಳ ಇನ್ನೂ ಸವೆದಿಲ್ಲ ಅಂತ ದುಡ್ಡು ಉಳಿಸೋಕೆ ಹೋದ್ರೆ, ಗೊರಸು ಉದ್ದ ಆಗಿ ಕಾಲಿನ ಕೋನವೇ ಬದಲಾಗುತ್ತೆ, ಕೀಲಿಗೆ ಪೆಟ್ಟು. ನಮ್ಮೂರಲ್ಲಿ ಲಾಳ ಕಟ್ಟೋರು ಈಗ ಬೆರಳೆಣಿಕೆ ಮಂದಿ. ನಮಗೆ ಕಟ್ಟೋ ಅಜ್ಜನ ಮಕ್ಕಳು ಯಾರೂ ಆ ಕೆಲಸಕ್ಕೆ ಬಂದಿಲ್ಲ. ಕುದುರೆ ತಗೋತೀನಿ ಅನ್ನೋರು ಮೊದಲು ಹುಡುಕಬೇಕಾಗಿರೋದು ಕುದುರೆನಲ್ಲ, ಲಾಳ ಕಟ್ಟೋರನ್ನ ಮತ್ತೆ ಕುದುರೆ ನೋಡೋಕೆ ಬರೋ ಡಾಕ್ಟರನ್ನ. ಇಬ್ಬರೂ ಸಿಕ್ಕಿದ ಮೇಲೆ ಮುಂದಿನ ಮಾತು.

ಮೈ ಉಜ್ಜೋದೂ ಬರೀ ಹೊಳಪಿಗಲ್ಲ. ಬ್ರಷ್ ಒಂದು ಕೈಯಲ್ಲಿ, ಇನ್ನೊಂದು ಕೈ ಬರಿಗೈ. ಆ ಬರಿಗೈ ಗಾಯ ಹುಡುಕುತ್ತೆ. ಪಟ್ಟಿ ಕೂರೋ ಜಾಗದಲ್ಲಿ, ಎದೆ ಹತ್ತಿರ, ಕೂದಲು ಉದುರಿದ್ಯಾ, ಬಿಸಿ ಇದ್ಯಾ, ಊದಿದ್ಯಾ. ಸಣ್ಣ ಗಾಯ ಇದ್ರೂ ಅವತ್ತು ಗಾಡಿ ಇಲ್ಲ. ತಾತ ಎಷ್ಟೋ ಭಾನುವಾರ ಸಂಪಾದನೆ ಬಿಟ್ಟು ಮನೇಲಿ ಕೂತಿದ್ದು ಈ ಒಂದು ಬರಿಗೈಯಿಂದ.

5/9

ಇವತ್ತು ಫೋಟೊ ಹಳೇದು. ನಾಲ್ಕು ವರ್ಷದ ಹಿಂದಿನ ಆಯುಧ ಪೂಜೆ. ನಾನಾಗ ಫಸ್ಟ್ ಪಿಯುಸಿ. ನೋಡಿ, ಗೌರಿ ಹಣೆಗೆ ಕುಂಕುಮ, ಕುತ್ತಿಗೆಗೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಹಲ್ಲು ಕಿರೀತಾ ನಾನು.

ಅವತ್ತು ಅರಮನೇಲಿ ಪಟ್ಟದ ಕುದುರೆಗೆ ಪೂಜೆ, ನಮ್ಮ ಬೀದೀಲಿ ಗೌರಿಗೆ ಪೂಜೆ. ಹೊಸ ಫೋನ್ ಬೇರೆ ಬಂದಿತ್ತು. ಬೆಳಗ್ಗೆಯಿಂದ ಬೀದಿ ಜನ ಎಲ್ಲ ಬರ್ತಿದ್ರು. ಒಬ್ಬರು ಬಾಳೆಹಣ್ಣು, ಒಬ್ಬರು ಬೆಲ್ಲ, ಒಬ್ಬರು ಕಡ್ಲೆಪುರಿ, ಇನ್ನೊಬ್ಬರು ಮಿಕ್ಕ ಚಿತ್ರಾನ್ನ, ಹೋಳಿಗೆ. ಎಲ್ಲರೂ ಭಕ್ತಿಯಿಂದಲೇ ಕೊಟ್ರು. ತಾತ ದೇವಸ್ಥಾನಕ್ಕೆ ಹೋಗ್ತಾ ನನಗೆ ಎರಡೇ ಮಾತು ಹೇಳಿತ್ತು: "ಯಾರ ಕೈಲೂ ಜಾಸ್ತಿ ತಿನ್ನಿಸ್ಬೇಡ. ನೀರು ನೋಡ್ಕೋ."

ನಾನು ಮಾಡಿದ್ದು? ತಿನ್ನಿಸ್ಬೇಡಿ ಅನ್ನೋ ಬದಲು, "ಆಂಟಿ, ಇನ್ನೊಂದ್ಸಲ ತಿನ್ನಿಸಿ, ವಿಡಿಯೊ ಸರಿಯಾಗಿ ಬರ್ಲಿಲ್ಲ" ಅಂದೆ. ಒಂದ್ಸಲ ಅಲ್ಲ, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಹೂವಿನ ಅಲಂಕಾರಕ್ಕೆ ಅಡ್ಡ ಆಗುತ್ತೆ ಅಂತ ನೀರಿನ ಬಕೆಟ್ ಎತ್ತಿ ಗೋಡೆ ಆಚೆ ಇಟ್ಟೆ. ಮಧ್ಯಾಹ್ನ ಹನ್ನೊಂದರಿಂದ ಸಂಜೆ ಆರರವರೆಗೆ ಅವಳ ಮುಂದೆ ನೀರೇ ಇರ್ಲಿಲ್ಲ. ಹುಲ್ಲೂ ಹಾಕಿರ್ಲಿಲ್ಲ, ಫೋಟೊದಲ್ಲಿ ಗಲೀಜು ಕಾಣುತ್ತೆ ಅಂತ.

ವಿಡಿಯೊಗೆ ಒಂದೇ ಸಂಜೆಗೆ ಮೂರು ಸಾವಿರ ವ್ಯೂಸ್ ಬಂತು. ಅಷ್ಟು ನನಗೆ ಅಲ್ಲೀತನಕ ಯಾವತ್ತೂ ಬಂದಿರ್ಲಿಲ್ಲ.

ರಾತ್ರಿ ಒಂಬತ್ತಕ್ಕೆ ತಾತ ಲಾಯದ ಕಡೆಯಿಂದ ಕೂಗ್ತು. "ಮಗಳೇ, ಲದ್ದಿ ಎಲ್ಲಿ?"

6/9

ಲಾಯದ ನೆಲ ಕ್ಲೀನಾಗಿತ್ತು. ಮಧ್ಯಾಹ್ನದಿಂದ ಒಂದು ಉಂಡೆಯೂ ಇಲ್ಲ.

ಗೌರಿ ಮೇವಿನ ಕಡೆ ಮುಖವೇ ಹಾಕ್ತಿರ್ಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯೋಳು, ಕತ್ತು ತಿರುಗಿಸಿ ತನ್ನ ಹೊಟ್ಟೆ ತಾನೇ ನೋಡ್ಕೊಳ್ಳೋಳು, ಮೇಲ್ದುಟಿ ಸುರುಳಿ ಮಾಡೋಳು. ಆಮೇಲೆ ಧಡ್ ಅಂತ ಮಲಗಿ ಹೊರಳೋಕೆ ಶುರು ಮಾಡಿದ್ಲು. ಕುತ್ತಿಗೆ ತುಂಬಾ ಬೆವರು. ಇದಕ್ಕೆ ಕೋಲಿಕ್ ಅಂತಾರೆ, ಕುದುರೆಯ ಹೊಟ್ಟೆಶೂಲೆ. ಕುದುರೆಗಳ ಪ್ರಾಣ ತೆಗೆಯೋದ್ರಲ್ಲಿ ಇದು ಮುಂದಿನ ಸಾಲಲ್ಲಿದೆ.

ಅಪ್ಪ ಆಟೊ ತಗೊಂಡು ಡಾಕ್ಟರನ್ನ ಕರೆಯೋಕೆ ಓಡಿದ್ರು. ಹಬ್ಬದ ರಾತ್ರಿ, ರಸ್ತೆ ತುಂಬಾ ಲೈಟಿಂಗ್ ನೋಡೋ ಜನ. ಪಕ್ಕದ ಮನೆಯವರೊಬ್ಬರು ಓಂಕಾಳು ಕಷಾಯ ಮಾಡಿ ಬಾಟ್ಲಿಯಲ್ಲಿ ತಂದ್ರು, ಬಾಯಿಗೆ ಹುಯ್ಯಿ ಅಂತ. ತಾತ ಬೇಡ ಅಂತು. ನೋವಲ್ಲಿರೋ ಕುದುರೆಗೆ ಬಲವಂತವಾಗಿ ಹುಯ್ದ್ರೆ ಅದು ಶ್ವಾಸಕೋಶಕ್ಕೆ ಹೋಗಬಹುದು, ಆಗ ಒಂದು ರೋಗ ಎರಡಾಗುತ್ತೆ. ತಾತ ಮೇವೆಲ್ಲ ಎತ್ತಿಸಿ, ಗೌರಿನ ಎಬ್ಬಿಸಿ, ಹೊರಳದ ಹಾಗೆ ನಿಧಾನಕ್ಕೆ ನಡೆಸ್ತಿತ್ತು. ನಾನು ಟಾರ್ಚ್ ಹಿಡಿದು ಹಿಂದೆ ಹಿಂದೆ. ಒಂದು ಮಾತು ಬೈಲಿಲ್ಲ ತಾತ. ಬೈದಿದ್ರೆ ಚೆನ್ನಾಗಿತ್ತು.

ಹನ್ನೊಂದೂಕಾಲಿಗೆ ಡಾಕ್ಟರ್ ಬಂದ್ರು. ದವಡೆ ಕೆಳಗೆ ಬೆರಳಿಟ್ಟು ನಾಡಿ ನೋಡಿದ್ರು: ನಿಮಿಷಕ್ಕೆ 60. ಸುಮ್ಮನೆ ನಿಂತ ಕುದುರೆಗೆ ಇರಬೇಕಾಗಿದ್ದು 28ರಿಂದ 44. ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಗುಡುಗುಡು ಸದ್ದು ಕೇಳಿಸ್ತಾ ಅಂತ ನೋಡಿದ್ರು, ತುಂಬಾ ಕಮ್ಮಿ. ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿಂದ ಜಠರದವರೆಗೆ ಉದ್ದ ಟ್ಯೂಬ್ ಇಳಿಸಿದ್ರು. ಮೊದಲು ಗ್ಯಾಸು, ಹುಳಿ ವಾಸನೆ ನೀರು ಹೊರಗೆ ಬಂತು. ಆಮೇಲೆ ಅದೇ ಟ್ಯೂಬಲ್ಲಿ ಲಿಕ್ವಿಡ್ ಪ್ಯಾರಾಫಿನ್ ಬಿಟ್ರು. "ಏನೇನು ತಿಂದಿದ್ದಾಳೆ?" ಅಂತ ಕೇಳಿದ್ರು. ಯಾರೂ ಮಾತಾಡಲಿಲ್ಲ. ನಾನು ಫೋನ್ ತೆಗೆದು ವಿಡಿಯೊ ತೋರಿಸಿದೆ. ಅದರಲ್ಲಿ ಎಲ್ಲ ಇತ್ತು.

ಡಾಕ್ಟರ್ ಹೇಳಿದ್ದು: "ಕರುಳು ತಿರುಚಿಲ್ಲ ಅನ್ಸುತ್ತೆ. ಬೆಳಗ್ಗೆವರೆಗೆ ಕಾಯಬೇಕು."

ಬೆಳಗಿನ ಜಾವ ನಾಲ್ಕೂವರೆಗೆ ಗೌರಿ ಬಾಲ ಎತ್ತಿ ಲದ್ದಿ ಹಾಕಿದ್ಲು. ಒಂದೇ ಒಂದು ಹಿಡಿಯಷ್ಟು. ತಾತ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಡ್ತು. ತಾತ ಅಳೋದನ್ನ ನಾನು ನೋಡಿದ್ದು ಅದೊಂದೇ ಸಲ.

7/9

ವಿಡಿಯೊ ಡಿಲೀಟ್ ಮಾಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗಾಯ್ತು. ಆದ್ರೂ ಮುಂದಿನ ಸಲಕ್ಕಾದ್ರೂ ಬಾಗಿಲು ಬೇಕಲ್ವಾ? ಫೋಟೊದಲ್ಲಿರೋದು ಅವತ್ತಿಂದ ಲಾಯದ ಗೋಡೆ ಮೇಲೆ ನಾನು ಬರೆದು ಅಂಟಿಸಿರೋ ಹಾಳೆ. ಕುದುರೆ ಇರೋರು ಸೇವ್ ಮಾಡ್ಕೊಳ್ಳಿ.

ನಾಡಿ: 28ರಿಂದ 44. ಮೈಬಿಸಿ: 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಒಸಡು: ತಿಳಿ ಗುಲಾಬಿ, ಬೆರಳಲ್ಲಿ ಒತ್ತಿ ಬಿಟ್ರೆ ಎರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರಬೇಕು. ಆರೋಗ್ಯವಾಗಿದ್ದಾಗಲೇ ಇದನ್ನೆಲ್ಲ ನೋಡೋದು ಕಲೀರಿ, ಗಾಬರಿಯಲ್ಲಿ ಕಲಿಯೋಕಾಗಲ್ಲ. ಡಾಕ್ಟರ್ ನಂಬರ್ ದೊಡ್ಡದಾಗಿ ಬರೆದಿಡಿ. ಜೊತೆಗೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಲಸಿಕೆ: ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುತ್ತೆ, ಸಣ್ಣ ಮೊಳೆ ಚುಚ್ಚಿದ್ರೂ ಸಾಕು. ಲಸಿಕೆ ತಪ್ಪಿಸ್ಬೇಡಿ, ಕುದುರೆ ಜೊತೆ ಓಡಾಡೋರೂ ಹಾಕಿಸ್ಕೊಳ್ಳಿ. ಗ್ಲ್ಯಾಂಡರ್ಸ್ ಅನ್ನೋ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತೆ. ಮೂಗಲ್ಲಿ ಕೀವು, ಚರ್ಮದಲ್ಲಿ ಗಂಟು, ಹುಣ್ಣು ಕಂಡ್ರೆ ಮುಚ್ಚಿಡದೆ ಇಲಾಖೆಗೆ ತಿಳಿಸಬೇಕು. ಹೊಸ ಕುದುರೆ ತರೋ ಮೊದಲು ರಕ್ತ ಪರೀಕ್ಷೆ ಕೇಳಿ.

ದುಡಿಮೆ: ಇದು ತಾತನ ಕನಿಕರದ ಮಾತಲ್ಲ, ಕಾನೂನು. 1965ರ ನಿಯಮಗಳ ಪ್ರಕಾರ ಗಾಡಿ ಎಳೆಯೋ ಪ್ರಾಣಿಯನ್ನ ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸೋ ಹಾಗಿಲ್ಲ. ಬಿಡುವಿಲ್ಲದೆ 5 ಗಂಟೆ ಮೀರೋ ಹಾಗಿಲ್ಲ. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟೋ ಹಾಗಿಲ್ಲ. ಮುಳ್ಳಿರೋ ಕಡಿವಾಣ ನಿಷೇಧ.

ಹಾಳೆಯ ಕೊನೆ ಸಾಲು ತಾತ ಬರೆಸಿದ್ದು: ನಾವು ಉಣ್ಣೋ ಮೊದಲು ಅವಳ ಬಕೆಟ್ ನೋಡು.

8/9

ಈಗ ದುಡ್ಡಿನ ಮಾತು. ನೀವು ಕೇಳಿದ್ರಲ್ಲ, ಎಷ್ಟಾಗುತ್ತೆ ಅಂತ.

ಗೌರಿ ಗಾಡಿ ಎಳೀತಿದ್ದಾಗ ಮೇವು, ಹುರುಳಿ, ಬೂಸಾ ಎಲ್ಲ ಸೇರಿ ನಮಗೆ ದಿನಕ್ಕೆ ಮುನ್ನೂರೈವತ್ತು ರೂಪಾಯಿ ಆಗ್ತಿತ್ತು. ಲಾಳ, ಔಷಧಿ ಬೇರೆ. ತಿಂಗಳಿಗೆ ಹನ್ನೆರಡು ಸಾವಿರದ ಹತ್ತಿರ. ದುಡಿದ್ರೂ ಇಷ್ಟು, ದುಡಿಯದಿದ್ರೂ ಹೆಚ್ಚೂಕಮ್ಮಿ ಇಷ್ಟೇ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತೆ. ಗಾಡಿ ಎಳೆಯೋ ಶಕ್ತಿ ಮಾತ್ರ ಅಷ್ಟು ವರ್ಷ ಇರಲ್ಲ.

ಹೋದ ವರ್ಷ ದಸರಾ ಆದ ಮೇಲೆ ತಾತನ ಮಂಡಿ ಕೈ ಕೊಡ್ತು. ಅದೇ ತಿಂಗಳು ಗೌರಿಯ ಬಲ ಮುಂಗಾಲೂ. ಕೀಲು ಸವೆತ ಅಂದ್ರು ಡಾಕ್ಟರ್, ಮಣ್ಣಲ್ಲಿ ಓಡಾಡಲಿ, ಟಾರ್ ರೋಡಲ್ಲಿ ಗಾಡಿ ಬೇಡ. ತಾತನಿಗೂ ಇನ್ನೊಂದು ಆಸ್ಪತ್ರೇಲಿ ಅದೇ ಮಾತು ಹೇಳಿದ್ರು, ಸವೆತ ಅಂತ.

ವಾರ ಕಳೆಯೋಷ್ಟರಲ್ಲಿ ಒಬ್ಬರು ಬಂದ್ರು. ಮದುವೆ ಮೆರವಣಿಗೆಗೆ ಕುದುರೆ ಬಿಡೋರು. ಹಲ್ಲು ನೋಡಿದ್ರು, ಕಾಲು ಮುಟ್ಟಿದ್ರು, ನಲವತ್ತು ಸಾವಿರ ಅಂದ್ರು. ಕಾಲು ಸರಿಯಿಲ್ಲ ಅಂತ ತಾತನೇ ಹೇಳ್ತು. "ನೋವಿನ ಇಂಜೆಕ್ಷನ್ ಕೊಟ್ರೆ ಇನ್ನೂ ಎರಡು ಸೀಸನ್ ಕುಣೀತಾಳೆ ಬಿಡಿ" ಅಂದ್ರು ಅವರು, ನಗ್ತಾ.

ಅಪ್ಪನ್ನ ಬೈಕೋಬೇಡಿ. ಆಟೊ ದುಡಿಮೆಯಲ್ಲಿ ಮನೆ, ತಂಗಿ ಫೀಸು, ತಾತನ ಮಾತ್ರೆ. ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ: "ದುಡಿಯದ ಕುದುರೆಗೆ ತಿಂಗಳಿಗೆ ಹನ್ನೆರಡು ಸಾವಿರ ಯಾರು ಹಾಕ್ತಾರೆ?" ಮೂರು ದಿನ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ.

ನಾನು ನೋಟ್‌ಬುಕ್ಕಲ್ಲಿ ಲೆಕ್ಕ ಬರೆದು ಅಪ್ಪನ ಮುಂದೆ ಇಟ್ಟೆ. ಗಾಡಿ ಇಲ್ಲಾಂದ್ರೆ ಹುರುಳಿ ಬೇಡ, ಬೂಸಾ ಸ್ವಲ್ಪ ಸಾಕು. ಹಸಿ ಹುಲ್ಲು ಚಿಕ್ಕಪ್ಪನ ಗದ್ದೆ ಬದುವಿಂದ. ಡಾಕ್ಟರ್ ಒಪ್ಪಿದ್ರೆ ಲಾಳ ತೆಗೆಸಿ ಬರೀ ಗೊರಸು ಕೆತ್ತಿಸೋದು. ತಿಂಗಳಿಗೆ ಏಳು ಸಾವಿರ. ಹೈಸ್ಕೂಲ್ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳಿ ಐದು ನಾನು ಕೊಡ್ತೀನಿ. ಸ್ಕೂಟಿ ಬೇಡ, ಬಸ್ ಪಾಸ್ ಸಾಕು. ಟಾಂಗಾ ಮಾರಿದ ದುಡ್ಡನ್ನ ಅವಳ ಔಷಧಿಗೆ ಬ್ಯಾಂಕಲ್ಲಿ ಇಡೋಣ.

ಅಪ್ಪ ತುಂಬಾ ಹೊತ್ತು ನೋಡಿ ಹೇಳಿದ್ದು: "ಒಂದು ವರ್ಷ ನೋಡೋಣ."

9/9

ಆ ಒಂದು ವರ್ಷ ಈ ದಸರಾಗೆ ಮುಗಿಯುತ್ತೆ. ಅದಕ್ಕೇ ಇದನ್ನೆಲ್ಲ ಈಗ ಬರೀತಿದ್ದೀನಿ.

ಕುದುರೆ ಒಂಟಿಯಾಗಿ ಇರೋ ಪ್ರಾಣಿ ಅಲ್ಲ, ಹಿಂಡಲ್ಲಿ ಇರೋದು. ಗಾಡಿ ಹೋದ ಮೇಲೆ ಗೌರಿ ಮಂಕಾದ್ಲು, ಗೋಡೆ ನೋಡ್ಕೊಂಡು ನಿಲ್ಲೋಳು. ಅಮ್ಮ ಒಂದು ಮೇಕೆ ತಂದು ಪಕ್ಕದಲ್ಲಿ ಕಟ್ಟಿದ್ರು. ಈಗ ಮೇಕೆ ಕಾಣದಿದ್ರೆ ಕೆನೀತಾಳೆ. ಫೋಟೊದಲ್ಲಿ ಅವಳ ಹೊಟ್ಟೆ ಕೆಳಗೆ ಮಲಗಿರೋದು ಅದೇ. ದಿನಾ ಸಂಜೆ ಟ್ಯೂಷನ್ ಮುಗಿಸಿ ನಾನು ಗೌರಿನ ಮಣ್ಣಿನ ದಾರೀಲಿ ಅರ್ಧ ಗಂಟೆ ನಡೆಸ್ತೀನಿ. ತಾತ ಕೋಲೂರಿಕೊಂಡು ಬೇವಿನ ಮರದವರೆಗೆ ಬರುತ್ತೆ. ಇಬ್ಬರೂ ಬಲಗಾಲು ಎಳೀತಾರೆ.

ಡಾಕ್ಟರ್ ನನ್ನ ಒಬ್ಬಳನ್ನೇ ಕೂರಿಸಿ ಇನ್ನೊಂದು ಮಾತು ಹೇಳಿದ್ದಾರೆ. ಮಲಗಿದೋಳು ಏಳೋಕಾಗದೆ, ಔಷಧಿಗೂ ನೋವು ತಗ್ಗದ ದಿನ ಬಂದ್ರೆ, ನೋವಿಲ್ಲದ ಹಾಗೆ ಕಳಿಸಿಕೊಡೋದೂ ಸಾಕಿದವರ ಕೆಲಸವೇ. ರಸ್ತೆಗೆ ಬಿಡೋದಲ್ಲ, ಮಾರಿ ಕೈ ತೊಳ್ಕೊಳ್ಳೋದಲ್ಲ. ಆ ದಿನ ನಾನು ಪಕ್ಕದಲ್ಲಿ ನಿಲ್ಲಬೇಕು. ನಿಲ್ತೀನಿ ಅಂತ ಹೇಳಿದ್ದೀನಿ. ಧೈರ್ಯ ಇದ್ಯಾ ಅಂತ ಅವತ್ತೇ ಗೊತ್ತಾಗೋದು.

ಕುದುರೆ ಬೇಕು ಅಂದವರಿಗೆ: ಆಸೆ ತಪ್ಪಲ್ಲ. ಮೊದಲು ಒಂದು ವರ್ಷ ಯಾರದಾದ್ರೂ ಲಾಯಕ್ಕೆ ಹೋಗಿ ಕೆಲಸ ಮಾಡಿ. ಭಾನುವಾರ ಬೆಳಗ್ಗೆ ನಮ್ಮನೆಗೇ ಬನ್ನಿ, ಪೊರಕೆ ಕೊಡ್ತೀನಿ. ಬೈಕ್ ಮಾರ್ತೀನಿ ಅಂದವನು ಎರಡು ವಾರ ಬಂದಿದ್ದಾನೆ. ಮೊದಲನೇ ವಾರ ಮೂಗು ಮುಚ್ಕೊಂಡಿದ್ದ, ಎರಡನೇ ವಾರ ಇಲ್ಲ.

ಉಳಿದವರಿಗೆ ಒಂದೇ ಒಂದು ಕೇಳ್ಕೊಳ್ಳೋದು. ಈ ದಸರಾಗೆ ಅರಮನೆ ಹತ್ತಿರ ಟಾಂಗಾ ಕುದುರೆ ಕಂಡ್ರೆ, ಕೈಯಲ್ಲಿರೋದನ್ನ ಬಾಯಿಗೆ ಇಡೋ ಮೊದಲು ಯಜಮಾನರನ್ನ ಕೇಳಿ. ಅವರು ಬೇಡ ಅಂದ್ರೆ ಬೇಜಾರ್ ಮಾಡ್ಕೋಬೇಡಿ. ಮೈ ಮೇಲೆ ಗಾಯ ಇರೋ ಕುದುರೆ ಕಟ್ಟಿದ ಗಾಡಿ ಹತ್ತಬೇಡಿ. ಚೆನ್ನಾಗಿ ನೋಡ್ಕೊಂಡಿರೋರ ಗಾಡಿ ಹತ್ತಿ, ಚೌಕಾಸಿ ಮಾಡದೆ ದುಡ್ಡು ಕೊಡಿ. ಆ ದುಡ್ಡಲ್ಲಿ ಅರ್ಧ ಹುಲ್ಲಿಗೆ ಹೋಗುತ್ತೆ.

ಅಪ್ಪ ಇನ್ನೂ ಏನೂ ಹೇಳಿಲ್ಲ. ನಾನೂ ಕೇಳಿಲ್ಲ. ಆದ್ರೆ ಇವತ್ತು ಬೆಳಗ್ಗೆ ನನಗೆ ಜ್ವರ, ಏಳೋಕಾಗಿರ್ಲಿಲ್ಲ. ಆರು ಗಂಟೆಗೆ ಎಚ್ಚರ ಆದಾಗ ಹಿಂದಿನಿಂದ ಪೊರಕೆ ಸದ್ದು ಬರ್ತಿತ್ತು. ಸ್ವಲ್ಪ ಹೊತ್ತಿಗೆ ಅಪ್ಪ ಖಾಕಿ ಪ್ಯಾಂಟು ಮಂಡಿವರೆಗೆ ಮಡಿಸಿಕೊಂಡು ಬಾಗಿಲಲ್ಲಿ ನಿಂತು ಅಂದ್ರು:

"ಹಾಕಿದ್ದಾಳೆ. ಮಲ್ಕೋ."

#ಗೌರಿ #ಮೈಸೂರುಟಾಂಗಾ #ಕುದುರೆ #ಲಾಯದಿಂದ #ದಸರಾ